ಎದೆಯಲ್ಲಿ ತುಂಬಿದ ನೀರನ್ನು ಅಳೆಯುವುದು ಹೇಗೆ?



ನಮ್ಮ ದೋಣಿಮಲೈ ಗಣಿಯ ಊರು. 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿ ಶುರುವಾಯಿತು. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ. ಗಾಡಿಯಿಂದ ಬಿದ್ದು ಎದೆಗೆ ಪೆಟ್ಟಾಗುವುದು ನಮಗೆ ಹೊಸದಲ್ಲ.

ಆಗ ನಾವು ಏನು ಹೇಳುತ್ತೇವೆ? "ರಕ್ತ ಬಂದಿಲ್ಲ, ಏನೂ ಆಗಿಲ್ಲ ಬಿಡು. ಅರಿಶಿನ ಹಚ್ಕೊಂಡು ಮಲಗು" ಅಂತೀವಿ. ಈ ಮಾತು ಕೆಲವು ಸಲ ಜೀವಕ್ಕೇ ಕುತ್ತು ತರುತ್ತದೆ.

ಯಾಕೆ? ನಮ್ಮ ಎದೆಗೂಡಿನಲ್ಲಿ ಎರಡು ಶ್ವಾಸಕೋಶಗಳಿವೆ. ಅವು ಸ್ಪಂಜಿನ ಹಾಗೆ ಮೆತ್ತಗೆ ಇರುತ್ತವೆ. ಅವುಗಳ ತುಂಬ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳು. ಪಕ್ಕೆಲುಬು ಮುರಿದರೆ ಶ್ವಾಸಕೋಶದ ಸುತ್ತ ರಕ್ತ ಸೇರಬಹುದು. ಶ್ವಾಸಕೋಶವೇ ಜಜ್ಜಿದರೆ ಗುಳ್ಳೆಗಳ ಒಳಗೆ ರಕ್ತ, ನೀರು ತುಂಬಬಹುದು. ಆಗ ಗಾಳಿಗೆ ಜಾಗ ಇರುವುದಿಲ್ಲ. ದಮ್ಮು ಬರುತ್ತದೆ. ಇದು ಪೆಟ್ಟು ಬಿದ್ದ ಕೂಡಲೇ ಕಾಣದೆ, ಮಾರನೆಯ ದಿನ ಕಾಣಬಹುದು. ಟಿ.ಬಿ. ಕಾಯಿಲೆಯಲ್ಲೂ ಶ್ವಾಸಕೋಶದ ಸುತ್ತ ನೀರು ತುಂಬುವುದುಂಟು.

ಒಳಗಿನ ನೀರು ಡಾಕ್ಟರಿಗೆ ಹೇಗೆ ತಿಳಿಯುತ್ತದೆ? ಖಾಲಿ ಕೊಡವನ್ನು ಬೆರಳಿನಿಂದ ತಟ್ಟಿ ನೋಡಿ. ಆಮೇಲೆ ತುಂಬಿದ ಕೊಡವನ್ನು ತಟ್ಟಿ. ಸಪ್ಪಳ ಬೇರೆ ಬೇರೆ ಅಲ್ಲವೇ? ಡಾಕ್ಟರು ಎದೆಯನ್ನು ತಟ್ಟುವುದೂ ಇದಕ್ಕೇ. ಆಸ್ಟ್ರಿಯಾ ದೇಶದ ಔಯೆನ್‌ಬ್ರುಗ್ಗರ್ ಎಂಬ ಡಾಕ್ಟರು 1761ರಲ್ಲಿ ಈ ವಿಧಾನವನ್ನು ಪುಸ್ತಕವಾಗಿ ಬರೆದರು. ಅವರ ತಂದೆ ಛತ್ರದಂತಹ ಒಂದು ವಸತಿಗೃಹ ನಡೆಸುತ್ತಿದ್ದರು. ಅಲ್ಲಿ ಪೀಪಾಯಿಗಳನ್ನು ತಟ್ಟಿ ನೋಡುವುದನ್ನು ಕಂಡೇ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ.

ಈಗ ಎಕ್ಸ್‌ರೇ ಇದೆ. ಶ್ವಾಸಕೋಶದ ಸುತ್ತ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ನೀರು ಸೇರಿದರೆ, ಅದರಲ್ಲಿ ಕಾಣುತ್ತದೆ. ಸ್ಕ್ಯಾನಿಂಗಿನಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಕಾಣುತ್ತದೆ. ಬೆರಳಿಗೆ ಹಾಕುವ ಚಿಕ್ಕ ಯಂತ್ರ ರಕ್ತದಲ್ಲಿರುವ ಆಮ್ಲಜನಕವನ್ನು ತೋರಿಸುತ್ತದೆ. ಅದರಲ್ಲಿ 95 ಅಥವಾ ಹೆಚ್ಚು ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆಯಾದರೆ ಅಪಾಯ.

ಗುಳ್ಳೆಗಳ ಒಳಗಿನ ನೀರನ್ನು ಕೊಳವೆಯಿಂದ ತೆಗೆಯಲು ಆಗುವುದಿಲ್ಲ. ಅದಕ್ಕೆ ಆಮ್ಲಜನಕ ಕೊಟ್ಟು ನೋಡಿಕೊಳ್ಳುತ್ತಾರೆ. ಶ್ವಾಸಕೋಶದ ಸುತ್ತ ಸೇರಿದ್ದನ್ನು ತೆಗೆಯಬಹುದು. ಅದಕ್ಕೆ ಪಕ್ಕೆಯಲ್ಲಿ ಕೊಳವೆ ಹಾಕಿ ಬಾಟಲಿಗೆ ಬಿಡುತ್ತಾರೆ. ಬಾಟಲಿಯ ಮೇಲೆ ಗೆರೆಗಳು, ಅಂಕಿಗಳು ಇರುತ್ತವೆ. ಈ ಅಂಕಿಗಳನ್ನು ಈಗ ನಾವೂ ಓದಬಲ್ಲೆವು!

ಬಾಟಲಿಯಲ್ಲಿ ಮೊದಲೇ ಸ್ವಲ್ಪ ನೀರು ಹಾಕಿರುತ್ತಾರೆ. ಬೆಳಿಗ್ಗೆ ಅದು 500ರ ಗೆರೆಯಲ್ಲಿತ್ತು ಅನ್ನಿ. ಸಂಜೆಗೆ 800ಕ್ಕೆ ಬಂತು. 800ರಲ್ಲಿ 500 ಕಳೆದರೆ 300. ಅಂದರೆ ಎದೆಯಿಂದ 300 ಮಿಲಿಲೀಟರ್ ಹೊರಗೆ ಬಂದಿದೆ. ಇದನ್ನು ನರ್ಸಮ್ಮ ಬರೆದುಕೊಳ್ಳುತ್ತಾರೆ. ರೋಗಿಯ ಹತ್ತಿರ ಕೂತ ನಾವೂ ನೋಡುತ್ತಿರಬೇಕು. ಬಾಟಲಿ ಬೇಗ ಬೇಗ ತುಂಬಿದರೆ, ಕೊಳವೆ ಕಳಚಿದರೆ, ದಮ್ಮು ಹೆಚ್ಚಾದರೆ ಕೂಡಲೇ ನರ್ಸಮ್ಮನನ್ನು ಕರೆಯಬೇಕು. ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಬಾರದು. ಎತ್ತಿದರೆ ನೀರು ತಿರುಗಿ ಎದೆಯೊಳಗೆ ಹೋಗಬಹುದು.

ಮನೆಯಲ್ಲೂ ನಾವು ಮಾಡಬಹುದಾದ ಒಂದು ಅಳತೆ ಇದೆ. ಅದು ಉಸಿರು ಎಣಿಸುವುದು. ಪೆಟ್ಟಾದವರು ಸುಮ್ಮನೆ ಮಲಗಿರಲಿ. ಗಡಿಯಾರ ಇಟ್ಟುಕೊಂಡು, ಎದೆ ಎಷ್ಟು ಸಲ ಏಳುತ್ತದೆ ಎಂದು ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 12ರಿಂದ 20 ಇರಬೇಕು. 20 ದಾಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. 30 ದಾಟಿದರೆ ತುಂಬಾ ಅಪಾಯ, ಕೂಡಲೇ 108ಕ್ಕೆ ಫೋನ್ ಮಾಡಿ. ಕೆಮ್ಮಿದಾಗ ರಕ್ತ ಬಂದರೆ, ತುಟಿ ನೀಲಿಯಾದರೆ, ಉಸಿರು ಎಳೆದಾಗ ಎದೆ ಬಹಳ ನೋಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಇವತ್ತು ಮನೆಗೆ ಹೋಗಿ ನಿಮ್ಮ ಉಸಿರನ್ನೇ ಎಣಿಸಿ ನೋಡಿ. ಎಷ್ಟು ಬಂತು? ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ನಾಳೆ ಎಲ್ಲರೂ ಕೂಡಿ ಓದೋಣ.