ಗೋಡೆಯನ್ನು ಕೆಡಹುವ ಮೊದಲು

ಸಂಸ್ಕೃತದಲ್ಲಿ ಗೋಡೆಗೆ ಭಿತ್ತಿಯೆಂದು ಹೆಸರು. ಆ ಪದವು ಹುಟ್ಟಿದುದು ‘ಭಿದ್’ ಎಂಬ ಧಾತುವಿನಿಂದ; ಒಡೆಯುವುದು, ಬೇರ್ಪಡಿಸುವುದು ಎಂದು ಅದರ ಅರ್ಥ. ಮೂವತ್ತು ವರುಷಗಳ ಕಾಲ ಮಕ್ಕಳಿಗೆ ಈ ವ್ಯುತ್ಪತ್ತಿಯನ್ನು ಹೇಳಿಕೊಟ್ಟ ನನಗೆ, ಗೋಡೆಗೆ ಬೇರ್ಪಡಿಸುವುದಲ್ಲದೆ ಹೊರುವ ಕೆಲಸವೂ ಉಂಟೆಂಬುದು ಮನವರಿಕೆಯಾದುದು ನಿವೃತ್ತನಾದ ಮೇಲೆ, ನಮ್ಮ ಮನೆಯಲ್ಲಿಯೇ.

ನಮ್ಮದು ಹಳೆಯ ಮೈಸೂರು ಸೀಮೆಯ ಮನೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆಯ ಗೋಡೆಗಳು. ಮೇಲೆ ಮದರಾಸು ತಾರಸಿ. ವಯಸ್ಸಾದ ನನ್ನ ಅಕ್ಕನಿಗೆ ಹಗಲೆಲ್ಲ ಅಡಿಗೆಮನೆಯೇ ವಾಸ. ಒಂದು ಮಧ್ಯಾಹ್ನ ಆಕೆ ಅಲ್ಲಿ ಜಾರಿಬಿದ್ದು ಬಹಳ ಹೊತ್ತು ಕೂಗಿದಳು. ಗೋಡೆಯ ಈಚೆ ನಡುಮನೆಯಲ್ಲಿ ಕುಳಿತಿದ್ದ ನನಗೆ ಕೇಳಲಿಲ್ಲ. ಪೆಟ್ಟು ಹೆಚ್ಚೇನೂ ಆಗಿರಲಿಲ್ಲವಾದರೂ, “ಮಾವನವರೇ, ಈ ಗೋಡೆಯನ್ನು ತೆಗೆಸಿಬಿಡೋಣ” ಎಂದು ಸೊಸೆ ಹೇಳಿದಾಗ ನಾನು ಮರುಮಾತಾಡಲಿಲ್ಲ.

ಮೇಸ್ತ್ರಿ ಬಂದು, “ಎರಡು ದಿನದ ಕೆಲಸ, ಸ್ವಾಮಿ” ಎಂದನು. ಸೂರಿನ ಕೆಳಗಿನ ಇಟ್ಟಿಗೆಗಳನ್ನು ನಾಲ್ಕೈದು ಕೀಳುವಷ್ಟರಲ್ಲಿಯೇ ಜಂತೆಗಳ ನಡುವಿನಿಂದ ಸುಣ್ಣದ ಪುಡಿ ಉದುರಿತು. ತಾರಸಿಯ ಅಡಿಯಲ್ಲಿ ಕೂದಲೆಳೆಯ ಬಿರುಕು ಕಾಣಿಸಿತು. ಕೆಲಸವನ್ನು ನಿಲ್ಲಿಸಿ ಇಂಜಿನಿಯರೊಬ್ಬರನ್ನು ಕರೆಸಿದೆವು. ಅವರು ನಮ್ಮನ್ನು ಹೊರಗೆ ಕಳುಹಿಸಿ, ಮೊದಲು ಸೂರಿಗೆ ಆಸರೆ ಕೊಡಿಸಿ, ಆಮೇಲೆ ಮಾತನಾಡಿದರು.

ಮದರಾಸು ತಾರಸಿಯಲ್ಲಿ ಹತ್ತಿರ ಹತ್ತಿರವಾಗಿ ಮರದ ಜಂತೆಗಳನ್ನಿಟ್ಟು, ಅವುಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬಂಧಿಸಿರುವರು. ಜಂತೆಯ ತುದಿಗಳು ಯಾವ ಗೋಡೆಯ ಮೇಲೆ ಕೂಡುವುವೋ ಆ ಗೋಡೆ ಸೂರನ್ನು ಹೊತ್ತಿರುವುದು. ನಮ್ಮ ಗೋಡೆಯ ಮೇಲೆ ಎರಡು ಕಡೆಯ ಜಂತೆಗಳೂ ಕುಳಿತಿದ್ದುವು. ಜಂತೆಗೆ ಸಮಾಂತರವಾಗಿರುವ ಗೋಡೆ ಸಾಮಾನ್ಯವಾಗಿ ಕಡಮೆ ಹೊರುವುದಾದರೂ, ಅದರ ಮೇಲೆ ತೊಲೆಯ ತುದಿಯೋ ಮಹಡಿಯ ಗೋಡೆಯೋ ಇದ್ದೀತು. ಉದ್ದನೆಯ ಗೋಡೆ ವಾಲದಂತೆ ಅದು ಅಡ್ಡ ನಿಂತು ಹಿಡಿದಿದ್ದೀತು. ತೆಳುವೆಂಬ ಮಾತ್ರಕ್ಕೆ ಅದನ್ನು ನಿರುಪಯೋಗಿಯೆಂದು ಎಣಿಸಲಾಗದು.

ಕಾಂಕ್ರೀಟು ಕಂಬಗಳ ಮನೆಯಲ್ಲಿ ಗೋಡೆ ಸೂರನ್ನು ಹೊರದೆ ಇರಬಹುದು. ಅಲ್ಲಿಯೂ ವಿಚಾರವಿಲ್ಲದೆ ತೆಗೆಯುವುದು ತಪ್ಪು. 2001ನೆಯ ಇಸವಿ ಜನವರಿ 26ರ ಗುಜರಾತಿನ ಭೂಕಂಪದಲ್ಲಿ, ಅಹಮದಾಬಾದಿನಲ್ಲಿ ಉರುಳಿದ ಬಹುಮಹಡಿಯ ಕಟ್ಟಡಗಳಲ್ಲಿ ಅನೇಕವು ವಾಹನಗಳಿಗೆಂದು ಕೆಳಗಿನ ಅಂತಸ್ತನ್ನು ಗೋಡೆಯಿಲ್ಲದೆ ಬಿಟ್ಟವಾಗಿದ್ದುವು.

ಇಂಜಿನಿಯರು ಇಡೀ ಗೋಡೆಯನ್ನು ತೆಗೆಯಗೊಡಲಿಲ್ಲ. ನಡುವೆ 5 ಅಡಿ ಅಗಲದ ದ್ವಾರವನ್ನು ಮಾತ್ರ ತೆರೆಯಿಸಿದರು. ಮೊದಲು ಗೋಡೆಯೊಳಗಿನ ವಿದ್ಯುತ್ತಿನ ತಂತಿಯನ್ನು ಬಿಡಿಸಿ ಬೇರೆಡೆಗೆ ಒಯ್ದರು. ಮೇಸ್ತ್ರಿಗಳು ಜಾಕಿಯೆನ್ನುವ ಕಬ್ಬಿಣದ ಆಸರೆಗಳನ್ನು, ನೆಲದಲ್ಲಿ ಹಲಗೆಯಿಟ್ಟು, ಗೋಡೆಯ ಎರಡು ಪಕ್ಕಗಳಲ್ಲಿಯೂ ನಿಲ್ಲಿಸಿದರು. ಒಂದೇ ಪಕ್ಕದಲ್ಲಿ ನಿಲ್ಲಿಸಿದ್ದರೆ ಇನ್ನೊಂದು ಪಕ್ಕದ ಜಂತೆಗಳು ನಿರಾಧಾರವಾಗುತ್ತಿದ್ದುವು. ಬಳಿಕ ಉಕ್ಕಿನ ತೊಲೆಯನ್ನು ಏರಿಸಿ, ಅದರ ತುದಿಗಳನ್ನು ಉಳಿದ ಗೋಡೆಯಲ್ಲಿ ಕಲ್ಲಿನ ಚಪ್ಪಡಿಗಳ ಮೇಲೆ ಕೂಡಿಸಿ, ಮೇಲಣ ಸಂದನ್ನು ಬಿಗಿಯಾಗಿ ತುಂಬಿದರು. ಆ ಗಾರೆ ಗಟ್ಟಿಯಾದ ಮೇಲೆಯೇ ಕೆಳಗಿನ ಇಟ್ಟಿಗೆಗಳನ್ನು ತೆಗೆದರು. ಕಟ್ಟಕಡೆಗೆ ಆಸರೆಗಳನ್ನು ಒಂದೊಂದಾಗಿ ಸಡಿಲಿಸಿದರು. ಹಳೆಯ ಸುಣ್ಣದ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಿಸಿದರು. ಸಿಮೆಂಟು ಬಳಿದರೆ ಒಳಗಿನ ತೇವ ಹೊರಹೋಗಲಾರದು.

ಕೆಡಹಿದ ಇಟ್ಟಿಗೆಯ ಭಾರವನ್ನೂ ಗೃಹಸ್ಥರು ನೆನೆಯಬೇಕು. ಒಂದು ಘನ ಅಡಿಯ ಗೋಡೆ ಸುಮಾರು 50 ಕಿಲೋಗ್ರಾಂ ತೂಗುವುದು. 10 ಅಡಿ ಉದ್ದ, 10 ಅಡಿ ಎತ್ತರ, ಒಂದೂವರೆ ಅಡಿ ದಪ್ಪದ ಗೋಡೆಯೆಂದರೆ ಸುಮಾರು 7,500 ಕಿಲೋಗ್ರಾಂ! ಮಹಡಿಯ ಕೆಲಸವಾದರೆ ಇದನ್ನು ಅಲ್ಲಿಯೇ ರಾಶಿ ಹಾಕಬಾರದು; ಆಗಾಗ ಕೆಳಗಿಳಿಸಬೇಕು.

ಆದುದರಿಂದ ಪ್ರಿಯ ವಾಚಕರೇ, ಹಳೆಯ ಮನೆಗೆ ಬೆಳಕನ್ನೂ ಗಾಳಿಯನ್ನೂ ತರುವುದು ಒಳ್ಳೆಯದೇ. ಆದರೆ ಗೋಡೆ ಏನನ್ನು ಮರೆಮಾಡಿದೆಯೆಂದು ಕೇಳುವಂತೆಯೇ, ಏನನ್ನು ಹೊತ್ತಿದೆಯೆಂದೂ ತಿಳಿದವರನ್ನು ಕೇಳಿರಿ. ಅವರಿಗೆ ಕೊಡುವ ಹಣ ದುಂದಲ್ಲ.

ಈಗ ಅಕ್ಕ ಒಲೆಯ ಬಳಿ ಕುಳಿತೇ ನಡುಮನೆಯನ್ನೆಲ್ಲ ನೋಡುತ್ತಾಳೆ. ಮೊನ್ನೆ, “ನೀನು ಪುಸ್ತಕ ಹಿಡಿದು ಓದುವುದೇ ಹೆಚ್ಚೋ, ತೂಕಡಿಸುವುದೇ ಹೆಚ್ಚೋ, ಈಗ ಗೊತ್ತಾಯಿತಪ್ಪಾ” ಎಂದಳು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.