ವರ್ತುಲ ರಸ್ತೆ: ಊರನ್ನು ಬಳಸಿ ಹೋಗುವ ದಾರಿ

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಉದ್ಯೋಗ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಕಂಬಂ ಕಣಿವೆಯಲ್ಲಿಯೇ ಉಳಿದು ಹಿರಿಯರ ಒಕ್ಕಲುತನವನ್ನು ಮುಂದುವರಿಸಿದವರೂ, ದಿಂಡಿಗಲ್ಲಿನಲ್ಲಿ ವ್ಯಾಪಾರ ಮಾಡಿಕೊಂಡಿರುವವರೂ ಇದ್ದಾರೆ. ಈ ಎಲ್ಲರಿಗೂ ಸಾಮಾನ್ಯವಾದ ಒಂದು ಅನುಭವವುಂಟು. ರಾತ್ರಿ ಇಲ್ಲಿಂದ ಹೊರಟ ಬಸ್ಸಾಗಲಿ, ದ್ರಾಕ್ಷಿ, ಬಾಳೆ, ತೆಂಗಿನಕಾಯಿ ಹೊತ್ತ ಲಾರಿಯಾಗಲಿ, ದಿಂಡಿಗಲ್, ಕರೂರು, ನಾಮಕ್ಕಲ್, ಸೇಲಂ, ಕೃಷ್ಣಗಿರಿಗಳನ್ನು ಸರಾಗವಾಗಿ ದಾಟುತ್ತದೆ. ಬೆಳಗಾಗುವ ಹೊತ್ತಿಗೆ ಹೊಸೂರನ್ನು ಬಿಟ್ಟ ಮೇಲೆ ಮಾತ್ರ ಉಳಿದ ಕೆಲವೇ ಮೈಲಿಗಳು ಮುಗಿಯುವುದೇ ಇಲ್ಲ. ಇಂತಹ ದಟ್ಟಣೆಗೆ ಪರಿಹಾರವೆಂದು ದೊಡ್ಡ ನಗರಗಳು ಕಂಡುಕೊಂಡ ಉಪಾಯವೇ ವರ್ತುಲ ರಸ್ತೆ. ಅದು ಹೇಗೆ ಕೆಲಸ ಮಾಡುತ್ತದೆ, ಕೆಲವೆಡೆ ಏಕೆ ಸೋಲುತ್ತದೆ, ಅದರಿಂದ ನಮ್ಮ ಕಣಿವೆಯವರು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಹಳೆಯ ಊರುಗಳ ಸುತ್ತುಬೀದಿಗಳು

ಊರಿನ ನಡುವನ್ನು ಬಳಸಿ ದಾರಿ ಮಾಡುವ ಕಲ್ಪನೆ ನಮಗೆ ಹೊಸದಲ್ಲ. ಮಧುರೈಗೆ ಹೋದವರೆಲ್ಲರೂ ಅದನ್ನು ನೋಡಿದ್ದಾರೆ. ಮೀನಾಕ್ಷಿ ಅಮ್ಮನವರ ಗುಡಿಯನ್ನು ಮೊದಲು ಚಿತ್ತಿರೈ ಬೀದಿಗಳು, ಆಮೇಲೆ ಆವಣಿ ಮೂಲ ಬೀದಿಗಳು, ಅವುಗಳ ಹೊರಗೆ ಮಾಸಿ ಬೀದಿಗಳು, ಕಡೆಗೆ ವೆಳಿ ಬೀದಿಗಳು ಒಂದರ ಹೊರಗೊಂದರಂತೆ ನಾಲ್ಕೂ ದಿಕ್ಕಿನಿಂದ ಬಳಸಿವೆ. ತೇರು, ಉತ್ಸವ, ಅಂಗಡಿಬೀದಿ ಎಲ್ಲವೂ ಈ ಸುತ್ತುಗಳಲ್ಲಿ ಹಂಚಿಕೊಂಡಿವೆ. ಕೋಟೆಗೋಡೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ, ಬ್ಲಾಕ್‌ಬರ್ನ್ ಎಂಬ ಕಲೆಕ್ಟರರ ಕಾಲದಲ್ಲಿ ಕೆಡವಿ, ಕಂದಕವನ್ನು ತುಂಬಿದಾಗ ಹೊರಸುತ್ತಿನ ಬೀದಿಗಳಿಗೆ ನೆಲ ದೊರೆಯಿತು.

ಯೂರೋಪಿನಲ್ಲಿಯೂ ಹೀಗೆಯೇ ನಡೆಯಿತು. ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫನು 1857ರಲ್ಲಿ ವಿಯೆನ್ನಾ ನಗರದ ಕೋಟೆಯನ್ನು ಕೆಡವಲು ಆಜ್ಞಾಪಿಸಿದನು. ಅದೇ ನೆಲದ ಮೇಲೆ 1865ರಲ್ಲಿ ರಿಂಗ್‌ಸ್ಟ್ರಾಸ್ಸೆ ಎಂಬ ಭವ್ಯವಾದ ಸುತ್ತುರಸ್ತೆ ತೆರೆಯಿತು. ಆದರೆ ಮಧುರೈಯ ಮಾಸಿ ಬೀದಿಯಾಗಲಿ, ವಿಯೆನ್ನಾದ ರಿಂಗ್‌ಸ್ಟ್ರಾಸ್ಸೆಯಾಗಲಿ ಇಂದು ಊರಿನ ಹೊರಗಿಲ್ಲ, ನಡುವೆಯೇ ಇವೆ. ಊರು ಬೆಳೆದಂತೆ ಹೊರಸುತ್ತು ಒಳಸುತ್ತಾಗುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಸುತ್ತಿ ಹೋದರೆ ಲಾಭವೇನು?

ಒಂದು ನಗರದ ವಾಹನಸಂಚಾರವನ್ನು ಮೂರು ವಿಧವಾಗಿ ವಿಂಗಡಿಸಬಹುದು. ಹೊರಗಿನಿಂದ ಬಂದು ನಗರವನ್ನು ಹಾಯ್ದು ಹೊರಗೇ ಹೋಗುವುದು ಮೊದಲನೆಯದು. ಹೊರಗಿನಿಂದ ಒಳಗೆ ಅಥವಾ ಒಳಗಿನಿಂದ ಹೊರಗೆ ಹೋಗುವುದು ಎರಡನೆಯದು. ಒಳಗೊಳಗೇ ಓಡಾಡುವುದು ಮೂರನೆಯದು. ವರ್ತುಲ ರಸ್ತೆ ಮುಖ್ಯವಾಗಿ ಮೊದಲನೆಯದಕ್ಕಾಗಿ ಇರುವಂಥದು. ಕಂಬಂನಿಂದ ಪುಣೆಗೆ ಹೊರಟ ಲಾರಿಗೆ ಬೆಂಗಳೂರಿನ ಪೇಟೆಯಲ್ಲಿ ಕೆಲಸವಿಲ್ಲ. ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯನ್ನು ಸೇರಿದರೆ ಸಾಕು. ಎರಡನೆಯ ವಿಧಕ್ಕೂ ಅದರಿಂದ ಸ್ವಲ್ಪ ಅನುಕೂಲವಿದೆ. ಬಂದವನು ತಾನು ಹೋಗಬೇಕಾದ ಬಡಾವಣೆಯ ಹತ್ತಿರದವರೆಗೆ ಹೊರಗಿನಿಂದಲೇ ಸುತ್ತಿ ಬಂದು ಒಳಹೊಗಬಹುದು.

ಸುತ್ತಿದರೆ ದೂರ ಹೆಚ್ಚುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೆಚ್ಚುವುದು ನಿಜ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವನ್ನೇ ಇಲ್ಲಿ ಬಳಸೋಣ. ನಗರದ ವ್ಯಾಸ 20 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನೇರವಾಗಿ ಹಾಯ್ದರೆ 20 ಕಿಲೋಮೀಟರ್. ಅರ್ಧವೃತ್ತದಲ್ಲಿ ಸುತ್ತಿದರೆ ಸುಮಾರು 31 ಕಿಲೋಮೀಟರ್. ಊರೊಳಗೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗಿದರೆ 80 ನಿಮಿಷ ಬೇಕು. ಹೊರಗೆ ಗಂಟೆಗೆ 60 ಕಿಲೋಮೀಟರ್ ವೇಗವಿದ್ದರೆ 31 ನಿಮಿಷ ಸಾಕು. ಸುತ್ತುದಾರಿಯ ವೇಗ ಒಳದಾರಿಯ ವೇಗಕ್ಕಿಂತ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿರುವವರೆಗೆ ಸುತ್ತುವುದೇ ಲಾಭ. ವೇಗ ಅದಕ್ಕಿಂತ ಕೆಳಗಿಳಿದರೆ ಲಾರಿಯವನು ಮತ್ತೆ ಊರೊಳಗೇ ನುಗ್ಗುತ್ತಾನೆ. ಆದ್ದರಿಂದ ವರ್ತುಲ ರಸ್ತೆಯ ಬೆಲೆಯಿರುವುದು ಅದರ ವೇಗದಲ್ಲಿ.

ಆ ವೇಗವನ್ನು ಕಾಪಾಡಲು ಎರಡು ಏರ್ಪಾಡುಗಳು ಅಗತ್ಯ. ಊರಿನಿಂದ ಹೊರಡುವ ಪ್ರತಿಯೊಂದು ಹೆದ್ದಾರಿಯನ್ನೂ ಮೇಲ್ಸೇತುವೆಯಿಂದಲೋ ಕೆಳಸೇತುವೆಯಿಂದಲೋ ದಾಟಬೇಕು; ದೀಪದ ಕಂಬದಡಿಯಲ್ಲಿ ನಿಲ್ಲಬಾರದು. ಇಕ್ಕೆಲದ ಮನೆ, ಅಂಗಡಿ, ಗೋದಾಮುಗಳ ಬಾಗಿಲುಗಳು ನೇರವಾಗಿ ಮುಖ್ಯರಸ್ತೆಗೆ ತೆರೆಯಬಾರದು; ಅವುಗಳಿಗೆ ಪ್ರತ್ಯೇಕವಾದ ಸರ್ವೀಸ್ ರಸ್ತೆಯಿರಬೇಕು.

ಬೆಂಗಳೂರಿನ ಹೊರವರ್ತುಲ ರಸ್ತೆ

ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಿರ್ಮಿಸಿತು. ಸುಮಾರು 60 ಕಿಲೋಮೀಟರ್ ಉದ್ದದ ಈ ರಸ್ತೆ 1996ರಿಂದ 2002ರ ವರೆಗೆ ಹಂತ ಹಂತವಾಗಿ ತೆರೆಯಿತು. ಹೆಬ್ಬಾಳ, ಕೃಷ್ಣರಾಜಪುರ, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್, ಬನಶಂಕರಿ, ನಾಗರಬಾವಿ, ಗೊರಗುಂಟೆಪಾಳ್ಯಗಳನ್ನು ಪೋಣಿಸಿಕೊಂಡು ಅದು ಮರಳಿ ಹೆಬ್ಬಾಳವನ್ನು ಸೇರುತ್ತದೆ. ಆಗ ಅದರ ಬಹುಭಾಗದ ಅಕ್ಕಪಕ್ಕ ಹೊಲ, ತೋಟ, ಕೆರೆಯಂಗಳಗಳಿದ್ದವು. ಲಾರಿಗಳನ್ನು ಪೇಟೆಯಿಂದ ಹೊರಗಿಡುವುದು ಮುಖ್ಯ ಉದ್ದೇಶವಾಗಿತ್ತು.

ಮುಂದೆ ನಡೆದುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳೇ ಚೆನ್ನಾಗಿ ಬಲ್ಲರು. ಅಗಲವಾದ ಒಳ್ಳೆಯ ರಸ್ತೆಯಿದ್ದಲ್ಲಿಗೆ ಉದ್ಯಮಗಳು ಬಂದವು. ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ವರೆಗಿನ ಪೂರ್ವಭಾಗದಲ್ಲಿ ಗಣಕ ಕಂಪೆನಿಗಳ ದೊಡ್ಡ ದೊಡ್ಡ ಆವರಣಗಳು ಎದ್ದವು. ಹಾದುಹೋಗುವವರಿಗಾಗಿ ಮಾಡಿದ ದಾರಿ ಲಕ್ಷಾಂತರ ಜನರು ದಿನವೂ ಬಂದು ಸೇರುವ ಸ್ಥಳವಾಯಿತು. ಮೇಲ್ಸೇತುವೆಗಳು ದಟ್ಟಣೆಯ ಬೆನ್ನಟ್ಟಿ ಒಂದೊಂದಾಗಿ ಬಂದವು. ಕಡೆಗೆ ಆ ರಸ್ತೆಯ ಮೇಲೆಯೇ ಮೆಟ್ರೋ ರೈಲಿನ ಮಾರ್ಗವನ್ನು ಕಟ್ಟಬೇಕಾಯಿತು. ಲಾರಿಗಳನ್ನು ಹೊರಗಿಡಲು ಮಾಡಿದ ರಸ್ತೆಯಿಂದಲೇ ಲಾರಿಗಳನ್ನು ಹೊರಗಿಡಲು ಮತ್ತೊಂದು ರಸ್ತೆ ಬೇಕೆಂಬ ಮಾತು ಹುಟ್ಟಿತು.

ಇದು ಬೆಂಗಳೂರೊಂದರ ಕಥೆಯಲ್ಲ. ಲಂಡನ್ ನಗರವನ್ನು ಬಳಸುವ ಎಂ-25 ಎಂಬ 188 ಕಿಲೋಮೀಟರ್ ಉದ್ದದ ಹೆದ್ದಾರಿ 1986ರಲ್ಲಿ ಪೂರ್ಣವಾಯಿತು. ಕೆಲವೇ ವರ್ಷಗಳಲ್ಲಿ ಅದು ತುಂಬಿ, ಅಗಲಗೊಳಿಸುವ ಕೆಲಸ ಆರಂಭವಾಯಿತು. ಹೊಸ ರಸ್ತೆ ಹಳೆಯ ದಟ್ಟಣೆಯನ್ನು ಹಂಚಿಕೊಳ್ಳುವುದರ ಜೊತೆಗೆ ಹೊಸ ಸಂಚಾರವನ್ನೂ ತಾನೇ ಹುಟ್ಟಿಸುತ್ತದೆ ಎಂಬುದನ್ನು ರಸ್ತೆಯ ತಜ್ಞರು ಈಗ ಒಪ್ಪುತ್ತಾರೆ. ದೆಹಲಿಯನ್ನು ಬಳಸಿ 2018ರಲ್ಲಿ ಪೂರ್ಣಗೊಂಡ ಪೂರ್ವ ಮತ್ತು ಪಶ್ಚಿಮದ ಎರಡು ವೇಗರಸ್ತೆಗಳಿಗೆ ಗೊತ್ತಾದ ಕೆಲವು ಕಡೆಗಳಲ್ಲಿ ಮಾತ್ರ ಪ್ರವೇಶ ಕೊಟ್ಟಿರುವುದು ಇಂತಹ ಅನುಭವದಿಂದಲೇ.

ನೆಲ ಕೊಟ್ಟವರ ಮಾತು

ಹೊರವರ್ತುಲ ತುಂಬಿದ ಮೇಲೆ ಬೆಂಗಳೂರು ಅದಕ್ಕೂ ಹೊರಗೆ ನೋಡಿತು. 1997ರ ಒಪ್ಪಂದದ ಮೇರೆಗೆ ಖಾಸಗಿ ಕಂಪೆನಿಯೊಂದು ಕೈಗೊಂಡ ಬೆಂಗಳೂರು–ಮೈಸೂರು ಯೋಜನೆಯ ಅಂಗವಾಗಿ, ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯ ವರೆಗೆ ಪಶ್ಚಿಮದಲ್ಲಿ ಸುಮಾರು 41 ಕಿಲೋಮೀಟರಿನ ಸುಂಕದ ರಸ್ತೆ ಬಂದಿತು. ಇದನ್ನು ಜನ ನೈಸ್ ರಸ್ತೆ ಎಂದು ಕರೆಯುತ್ತಾರೆ. ಪೂರ್ವದ ಉಳಿದ ಭಾಗವನ್ನು ಪೂರೈಸಲು ಯೋಜಿಸಿದ್ದು ಪೆರಿಫೆರಲ್ ವರ್ತುಲ ರಸ್ತೆ. ಇದಕ್ಕೆ 2005ರಲ್ಲಿ ಪ್ರಾಥಮಿಕ ಅಧಿಸೂಚನೆಯೂ 2007ರಲ್ಲಿ ಅಂತಿಮ ಅಧಿಸೂಚನೆಯೂ ಹೊರಟವು. ಈಗ ಇದರ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದಾಗಿದೆ.

ಇಲ್ಲಿಯೂ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. 100 ಮೀಟರ್ ಅಗಲದ ರಸ್ತೆಗೆ ಒಂದು ಕಿಲೋಮೀಟರ್ ಉದ್ದಕ್ಕೆ 10 ಹೆಕ್ಟೇರ್, ಎಂದರೆ ಸುಮಾರು 25 ಎಕರೆ ನೆಲ ಬೇಕು. 73 ಕಿಲೋಮೀಟರಿಗೆ 1,800 ಎಕರೆಗಳಷ್ಟಾಗುತ್ತದೆ. ಈ ನೆಲವೆಲ್ಲ ರೈತರದು. ಅಧಿಸೂಚನೆ ಹೊರಟ ದಿನದಿಂದ ಆ ಜಮೀನನ್ನು ಮಾರುವಂತಿಲ್ಲ, ಅದರ ಮೇಲೆ ಮನೆ ಕಟ್ಟುವಂತಿಲ್ಲ. ಪರಿಹಾರವನ್ನು ಯಾವ ಕಾನೂನಿನಂತೆ ಕೊಡಬೇಕು, 2013ರ ಹೊಸ ಭೂಸ್ವಾಧೀನ ಕಾಯ್ದೆ ಅನ್ವಯಿಸುತ್ತದೆಯೇ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅನ್ವಯಿಸುವುದಿಲ್ಲವೆಂದು ನ್ಯಾಯಾಲಯ 2022ರಲ್ಲಿ ಹೇಳಿತು. ಅಂತಿಮ ಅಧಿಸೂಚನೆ ಬಂದಾಗ ಮಗುವಾಗಿದ್ದವರು ಓದು ಮುಗಿಸುವ ವಯಸ್ಸಿಗೆ ಬಂದರು, ರಸ್ತೆ ಬರಲಿಲ್ಲ. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ತೆಗೆದುಕೊಳ್ಳುವುದಾದರೆ ಬೇಗ ತೆಗೆದುಕೊಂಡು ತಕ್ಕ ಬೆಲೆ ಕೊಡಬೇಕು, ಇಲ್ಲವಾದರೆ ಬಿಟ್ಟುಕೊಡಬೇಕು. ಎರಡೂ ಇಲ್ಲದೆ ಒಂದು ತಲೆಮಾರಿನ ಬದುಕನ್ನು ತಡೆದು ನಿಲ್ಲಿಸುವುದು ನ್ಯಾಯವಲ್ಲ.

ಇದಕ್ಕೂ ಹೊರಗೆ ಉಪಗ್ರಹ ಪಟ್ಟಣಗಳ ವರ್ತುಲ ರಸ್ತೆಯಿದೆ. ಸುಮಾರು 280 ಕಿಲೋಮೀಟರ್ ಉದ್ದದ ಈ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗ ನಮ್ಮ ತಮಿಳುನಾಡಿನ ಹೊಸೂರು ಸೀಮೆಯಲ್ಲಿ ಹಾಯುತ್ತದೆ. ಇದರ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಯ ವರೆಗಿನ 80 ಕಿಲೋಮೀಟರ್ 2024ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಇದು ಪೂರ್ಣವಾದರೆ ಇಲ್ಲಿಂದ ಉತ್ತರಕ್ಕೆ ಹೋಗುವ ಲಾರಿಗಳು ಬೆಂಗಳೂರನ್ನು ಮುಟ್ಟದೆಯೇ ಸಾಗಬಹುದು.

ಮಧುರೈ ಮತ್ತು ನಮ್ಮ ಕಣಿವೆ

ಮಧುರೈಗೂ ಇಂದು ಒಂದು ವರ್ತುಲ ರಸ್ತೆಯಿದೆ. ಉತ್ತಂಗುಡಿಯಿಂದ ಕಪ್ಪಲೂರಿನ ವರೆಗೆ ಪೂರ್ವ ಮತ್ತು ದಕ್ಷಿಣವನ್ನು ಬಳಸುವ ಸುಮಾರು 27 ಕಿಲೋಮೀಟರಿನ ಈ ರಸ್ತೆಯನ್ನು ಮಧುರೈ ನಗರಸಭೆಯೇ ಸಾಲ ಮಾಡಿ ನಿರ್ಮಿಸಿತು. 2001ರಲ್ಲಿ 30 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರಡಿಸಿತು. ನಗರಸಭೆಯೊಂದು ವಾಹನಸುಂಕವನ್ನು ನಂಬಿ ಇಂತಹ ಸಾಹಸಕ್ಕೆ ಕೈಹಾಕಿದ್ದು ಆ ಕಾಲಕ್ಕೆ ಅಪರೂಪ. ಪಶ್ಚಿಮದ ಕಡೆ ದಿಂಡಿಗಲ್ಲಿನಿಂದ ಬರುವ 44ನೆಯ ರಾಷ್ಟ್ರೀಯ ಹೆದ್ದಾರಿ, ಹಿಂದೆ 7ನೆಯದೆಂದು ಹೆಸರಾದುದು, ಊರಿನ ಹೊರಗೇ ಹಾದು ಕಪ್ಪಲೂರನ್ನು ಸೇರುತ್ತದೆ.

ಇನ್ನು ನಮ್ಮ ಕಣಿವೆ. ತೇನಿಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ದಿಂಡಿಗಲ್ಲಿನಿಂದ ಕಂಬಂ, ಕುಮಳಿಗಳ ಮೂಲಕ ಕೊಲ್ಲಂಗೆ ಹೋಗುವ 183 ಒಂದು; ಕೊಚ್ಚಿಯಿಂದ ಬೋಡಿನಾಯಕನೂರಿನ ಮೂಲಕ ಮಧುರೈಗೆ ಹೋಗುವ 85 ಇನ್ನೊಂದು. ನೆಹರು ಪ್ರತಿಮೆಯ ಬಳಿಯ ಕೂಡುರಸ್ತೆಯಲ್ಲಿ ಬಸ್ಸಿನೊಳಗೆ ಕಾದು ಕುಳಿತ ನೆನಪು ನಮಗೆಲ್ಲರಿಗೂ ಇದೆ. ಕಾರ್ತಿಕ, ಮಾರ್ಗಶಿರಗಳಲ್ಲಿ ಶಬರಿಮಲೆಯ ಯಾತ್ರಿಕರ ವಾಹನಗಳು ಸಾಲುಗಟ್ಟುತ್ತವೆ. ಕರ್ನಾಟಕದ ಯಾತ್ರಿಕರ ಕನ್ನಡ ಕಂಬಂನ ಚಹದಂಗಡಿಗಳಲ್ಲಿ ಕೇಳಿಬಂದಾಗ ನಮ್ಮ ಹಿರಿಯರು ಎದ್ದುಹೋಗಿ ಮಾತನಾಡಿಸುವುದುಂಟು. ಆ ದಿನಗಳಲ್ಲಿ ಕುಮಳಿ ಮತ್ತು ಕಂಬಂಮೆಟ್ಟು ಎಂಬ ಎರಡು ಘಟ್ಟದ ದಾರಿಗಳನ್ನು ಒಮ್ಮುಖ ಮಾಡಿ, ಒಂದರಲ್ಲಿ ಹತ್ತಿ ಮತ್ತೊಂದರಲ್ಲಿ ಇಳಿಯುವ ಏರ್ಪಾಡನ್ನು ಪೊಲೀಸರು ಮಾಡುತ್ತಾರೆ. ಅದೂ ಒಂದು ತಾತ್ಕಾಲಿಕ ವರ್ತುಲವೇ.

ಈಗ ತೇನಿ, ಚಿನ್ನಮನೂರು, ಉತ್ತಮಪಾಳೆಯಂ, ಕಂಬಂ ಊರುಗಳನ್ನು ಬಳಸಿ ಬೈಪಾಸು ರಸ್ತೆಗಳಾಗಿವೆ. ಇವು ಪೂರ್ಣ ವೃತ್ತಗಳಲ್ಲ, ಚಾಪಗಳು. ತತ್ತ್ವ ಮಾತ್ರ ಅದೇ. ಲಾರಿಗಳು ಹೊರಗೆ ಹೋದಷ್ಟೂ ಶಾಲೆಗೆ ಹೋಗುವ ಮಕ್ಕಳು ಪೇಟೆಯ ರಸ್ತೆಯನ್ನು ನಿರ್ಭಯವಾಗಿ ದಾಟಬಹುದು. ಹಳೆಯ ದಾರಿಯ ಹೋಟೆಲು, ಹಣ್ಣಿನಂಗಡಿಗಳಿಗೆ ವ್ಯಾಪಾರ ಕುಗ್ಗುವುದೂ ಸುಳ್ಳಲ್ಲ. ಆದರೆ ಮುಖ್ಯವಾದ ಪ್ರಶ್ನೆ ಮುಂದಿನದು. ಈ ಬೈಪಾಸುಗಳು ಹಾಯುವುದು ಮುಲ್ಲೈ ಪೆರಿಯಾರಿನ ನೀರಿನಿಂದ ಹಸಿರಾದ ಕಣಿವೆಯಲ್ಲಿ. 1895ರಲ್ಲಿ ಪೂರ್ಣವಾದ ಅಣೆಕಟ್ಟಿನ ನೀರು ಎರಡು ಬೆಳೆ ಕೊಡುವ ಗದ್ದೆಗಳ ನಡುವೆ ಎತ್ತರದ ಏರಿಯ ಮೇಲೆ ರಸ್ತೆ ನಿಂತಾಗ, ಕಾಲುವೆಗೂ ಮಳೆನೀರಿಗೂ ಮೋರಿಗಳು ಸಾಕಷ್ಟಿರಬೇಕು. ಇಲ್ಲದಿದ್ದರೆ ಒಂದು ಕಡೆ ನೀರು ನಿಂತು, ಇನ್ನೊಂದು ಕಡೆ ಒಣಗುತ್ತದೆ.

ರಸ್ತೆಯಂಚಿನ ಗದ್ದೆ ನಿವೇಶನವಾಗಿ, ನಿವೇಶನ ಕಲ್ಯಾಣಮಂಟಪವಾಗಿ, ಪೆಟ್ರೋಲ್ ಬಂಕಾಗಿ, ಪ್ರತಿಯೊಂದೂ ತನ್ನ ಬಾಗಿಲನ್ನು ನೇರವಾಗಿ ರಸ್ತೆಗೆ ತೆರೆದರೆ ಬೆಂಗಳೂರಿನಲ್ಲಿ ಆದುದೇ ಇಲ್ಲಿಯೂ ಚಿಕ್ಕ ಪ್ರಮಾಣದಲ್ಲಿ ಆಗುತ್ತದೆ. ಆಗ ನಮ್ಮ ಮಕ್ಕಳು ಇನ್ನೊಂದು ಬೈಪಾಸಿಗಾಗಿ ಇನ್ನಷ್ಟು ಗದ್ದೆಗಳನ್ನು ಕೊಡಬೇಕಾದೀತು. ಇದನ್ನು ತಡೆಯುವುದು ಸರ್ಕಾರದ ಕೆಲಸವಷ್ಟೇ ಅಲ್ಲ. ಆ ಅಂಚಿನ ಭೂಮಿ ಇರುವುದು ನಮ್ಮ ನಮ್ಮ ಮನೆತನಗಳಲ್ಲಿ. ಜಮೀನನ್ನು ಮಾರುವ ಮೊದಲು ಒಂದು ಗಳಿಗೆ ಯೋಚಿಸುವುದು, ಕಟ್ಟುವುದಾದರೆ ರಸ್ತೆಯಿಂದ ಹಿಂದೆ ಸರಿದು ಕಟ್ಟುವುದು, ಸರ್ವೀಸ್ ರಸ್ತೆಗಾಗಿ ಊರವರೆಲ್ಲ ಸೇರಿ ಕೇಳುವುದು, ಇವು ನಮ್ಮ ಕೈಯಲ್ಲಿವೆ.

ಕನ್ನಡನಾಡಿನಿಂದ ಎತ್ತು ಹೊಡೆದುಕೊಂಡು ಈ ಕಣಿವೆಗೆ ಬಂದೆವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರು ನಡೆದು ಬಂದ ದಾರಿಯಲ್ಲಿಯೇ ಇಂದು ನಾವು ಒಂದು ರಾತ್ರಿಯಲ್ಲಿ ಹೋಗಿ ಬರುತ್ತೇವೆ. ಆ ದಾರಿ ಸುಗಮವಾಗಿಯೂ, ಅದರ ಬದಿಯ ನೆಲ ಹಸಿರಾಗಿಯೂ ಉಳಿದು, ಈ ಶಾಲೆ ತನ್ನ ಶತಮಾನೋತ್ಸವವನ್ನು ಆಚರಿಸುವ ದಿನ ನಮ್ಮ ಮೊಮ್ಮಕ್ಕಳು ಬೆಂಗಳೂರಿನಿಂದ ಸುಖವಾಗಿ ಬಂದು ಸೇರುವಂತಾಗಲಿ ಎಂದು ಹಾರೈಸುತ್ತೇನೆ.