ಒಳಗಿನ ಗುಳ್ಳೆ, ನಾಳಿನ ಬಿರುಕು

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತೀರಿ. ಠಣ್ ಎಂದರೆ ಕೊಳ್ಳುತ್ತೀರಿ, ಬೊದ್ದು ಸದ್ದು ಬಂದರೆ ಪಕ್ಕಕ್ಕೆ ಇಡುತ್ತೀರಿ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ಇಂದಿನ ನಮ್ಮ ಮಾತು ಇಂಥ ಕಾಣದ ದೋಷದ್ದೇ. ಆದರೆ ಗಡಿಗೆಯದಲ್ಲ, ಗಾಳಿಯಂತ್ರದ ಮತ್ತು ವಿಮಾನದ ರೆಕ್ಕೆಯದು.

ಸೊಲ್ಲಾಪುರ, ಅಕ್ಕಲಕೋಟೆಯಿಂದ ಸಾಂಗ್ಲಿ, ಸಾತಾರಾ ಕಡೆಗೋ ಗದಗ, ಚಿತ್ರದುರ್ಗದ ಕಡೆಗೋ ಹೋದವರು ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡಿರುತ್ತೀರಿ. ಮರಾಠಿಯಲ್ಲಿ ನಾವು ಪವನಚಕ್ಕಿ ಅನ್ನುತ್ತೇವಲ್ಲ, ಅದೇ. ಅದರ ರೆಕ್ಕೆ ಕಬ್ಬಿಣದ್ದಲ್ಲ. ಗಾಜಿನ ಸಣ್ಣ ಎಳೆಗಳ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರಾಳದಲ್ಲಿ ನೆನೆಸಿ ಗಟ್ಟಿ ಮಾಡಿದ್ದು. ಹೀಗೆ ಎರಡು ಬೇರೆ ಬೇರೆ ವಸ್ತು ಕೂಡಿ ಒಂದಾಗಿ ದುಡಿಯುವುದಕ್ಕೆ ಕಾಂಪೋಸಿಟ್, ಅಂದರೆ ಸಂಯೋಜಿತ ವಸ್ತು ಎನ್ನುತ್ತಾರೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಮೆತ್ತಿದ ನಮ್ಮ ಹಿರಿಯರಿಗೆ ಇದರ ಗುಟ್ಟು ಗೊತ್ತಿತ್ತು. ಎಳೆ ಜಗ್ಗುವಿಕೆಯನ್ನು ತಡೆಯುತ್ತದೆ, ಮಣ್ಣು ಅಥವಾ ರಾಳ ಎಳೆಗಳನ್ನು ಹಿಡಿದು ನಿಲ್ಲಿಸಿ ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತದೆ.

ಇನ್ನು ದಣಿವಿನ ವಿಷಯ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ, ಹಿಂದೆ ಮುಂದೆ ಹತ್ತಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಒಂದು ಸಲ ಸುಲಭವಾಗಿ ತಡೆಯುವ ಭಾರ, ಮತ್ತೆ ಮತ್ತೆ ಬಿದ್ದರೆ ವಸ್ತುವನ್ನು ದಣಿಸುತ್ತದೆ. ಗಾಳಿಯಂತ್ರದ ರೆಕ್ಕೆ ಒಂದು ಸುತ್ತು ಹೊಡೆಯುವಾಗ ಅದರ ಸ್ವಂತ ತೂಕವೇ ಅದನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಗ್ಗಿಸುತ್ತದೆ. ನಿಮಿಷಕ್ಕೆ 15 ಸುತ್ತು ಎಂದು ಹಿಡಿಯಿರಿ. ದಿನಕ್ಕೆ 21,600 ಸುತ್ತು. ಬಿಡುವಿಲ್ಲದೆ ತಿರುಗಿದರೆ 20 ವರ್ಷಕ್ಕೆ 15 ಕೋಟಿಗೂ ಮಿಕ್ಕುತ್ತದೆ. ಇಷ್ಟು ಸಲ ಬಗ್ಗಿಯೂ ಅದು ಮುರಿಯಬಾರದು.

ಇಲ್ಲಿಯೇ ತಯಾರಿಕೆಯ ದೋಷ ಮುಖ್ಯವಾಗುವುದು. ಕಬ್ಬಿಣದ ಕೆಲಸದಲ್ಲಿ ತಯಾರಾದ ಲೋಹವನ್ನು ತಂದು ಕತ್ತರಿಸಿ ಬೆಸೆಯುತ್ತಾರೆ. ಕಾಂಪೋಸಿಟ್‌ನಲ್ಲಿ ಹಾಗಲ್ಲ. ರೆಕ್ಕೆ ಆಗುವಾಗಲೇ ಅದರ ವಸ್ತುವೂ ಆಗುತ್ತದೆ. ಆ ಹೊತ್ತಿಗೆ ಕೈ ತಪ್ಪಿದರೆ ತಪ್ಪು ಒಳಗೇ ಉಳಿಯುತ್ತದೆ.

ಮೊದಲನೆಯ ದೋಷ ಗಾಳಿಗುಳ್ಳೆ. ಜೋಳದ ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಎರಡು ಪದರ ಬೇರೆಯಾಗುತ್ತವೆ. ರೊಟ್ಟಿಗೆ ಅದು ಲಕ್ಷಣ, ರೆಕ್ಕೆಗೆ ಅವಲಕ್ಷಣ. ರಾಳದಲ್ಲಿ ಗುಳ್ಳೆ ಉಳಿದ ಕಡೆ ಭಾರ ದಾಟಲು ದಾರಿಯಿಲ್ಲ. ಅದು ಗುಳ್ಳೆಯ ಅಂಚಿಗೆ ಸರಿದು ಅಲ್ಲಿ ಒತ್ತಡ ಹೆಚ್ಚಿಸುತ್ತದೆ. ಪ್ರತಿ ಸುತ್ತಿಗೂ ಅಂಚು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಬಾಯಿ ಬಿಡುತ್ತದೆ. ಕೋಟಿ ಸುತ್ತಿಗೆ ಅದು ಸೀಳಾಗುತ್ತದೆ.

ಎರಡನೆಯದು ಸುಕ್ಕು. ಸೊಲ್ಲಾಪುರದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಾದರದಲ್ಲಿ ಹಾಸು ಹೊಕ್ಕಿನ ಎಳೆಗಳು ಒಂದರ ಮೇಲೊಂದು ಏರಿ ಇಳಿದು ಸಾಗುತ್ತವೆ. ರೆಕ್ಕೆಯಲ್ಲಿ ಭಾರ ಹೊರುವ ಬಟ್ಟೆಗೆ ಆ ಅಂಕುಡೊಂಕು ಬೇಡ. ಮುಖ್ಯ ಎಳೆಗಳನ್ನು ನೇರವಾಗಿ ಮಲಗಿಸಿ, ಕೌದಿಗೆ ಹಾಕಿದಂತೆ ತೆಳು ದಾರದ ಹೊಲಿಗೆ ಹಾಕುತ್ತಾರೆ. ಹಾಸುವಾಗ ಎಲ್ಲಾದರೂ ಸುಕ್ಕು ಬಿದ್ದರೆ ಆ ಎಳೆ ಒತ್ತಡ ಬಿದ್ದಾಗ ನೆಟ್ಟಗೆ ನಿಲ್ಲದೆ ಬಾಗುತ್ತದೆ, ಪಕ್ಕದ ಪದರವನ್ನು ಎಬ್ಬಿಸುತ್ತದೆ.

ಮೂರನೆಯದು ಅಂಟು ಸಾಲದಿರುವುದು. ರೆಕ್ಕೆಯ ಎರಡು ಚಿಪ್ಪುಗಳನ್ನು ಅಂಟಿನಿಂದ ಕೂಡಿಸುತ್ತಾರೆ. ಅಂಟು ತಲುಪದ ಜಾಗ ಹೊರಗಿನಿಂದ ಕಾಣುವುದಿಲ್ಲ, ಬಣ್ಣ ಎಲ್ಲವನ್ನೂ ಮುಚ್ಚಿರುತ್ತದೆ.

ಇವೆಲ್ಲ ಮೊದಲ ದಿನವೇ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅನೇಕ ಸಲ ಗೊತ್ತಾಗುವುದಿಲ್ಲ. ಉದ್ದಕ್ಕೆ ಜಗ್ಗಿ ನೋಡಿದರೆ ಭಾರ ಹೊರುವುದು ಎಳೆ, ಎಳೆ ಗಟ್ಟಿಯಾಗಿಯೇ ಇರುತ್ತದೆ. ದಣಿವು ಮೊದಲು ತಿನ್ನುವುದು ರಾಳವನ್ನು ಮತ್ತು ಪದರಗಳ ನಡುವಿನ ಹಿಡಿತವನ್ನು. ಆದ್ದರಿಂದ ಬಲದ ಪರೀಕ್ಷೆಯಲ್ಲಿ ಪಾಸಾದದ್ದು ಬಾಳಿಕೆಯ ಪರೀಕ್ಷೆಯಲ್ಲಿ ನಪಾಸಾಗಬಹುದು.

ದೋಷ ದೊಡ್ಡದಿದ್ದರೆ ಅದು ದಣಿವಿನ ತನಕವೂ ಕಾಯುವುದಿಲ್ಲ. 2024ರ ಜುಲೈ 13ರಂದು ಅಮೆರಿಕದ ನಾಂಟಕೆಟ್ ದ್ವೀಪದ ಬಳಿ, ಸಮುದ್ರದಲ್ಲಿ ನಿಲ್ಲಿಸಿದ್ದ ಗಾಳಿಯಂತ್ರವೊಂದರ 107 ಮೀಟರ್ ಉದ್ದದ ರೆಕ್ಕೆ ಮುರಿಯಿತು. ಯಂತ್ರ ಇನ್ನೂ ಪರೀಕ್ಷಾ ಹಂತದಲ್ಲಿತ್ತು. ಚೂರುಗಳು ದಡಕ್ಕೆ ಬಂದು, ಜನ ಈಜುವ ಕಡಲತೀರಗಳನ್ನೇ ಮುಚ್ಚಬೇಕಾಯಿತು. ಅಂಟು ಸಾಕಷ್ಟು ಬೀಳದ್ದೇ ಕಾರಣ, ತಪಾಸಣೆಯಲ್ಲಿ ಇದು ಸಿಗಬೇಕಾಗಿತ್ತು ಎಂದು ತಯಾರಿಸಿದ ಕಂಪನಿಯೇ ಹೇಳಿತು. ಅದೇ ಕಾರ್ಖಾನೆಯ ಉಳಿದ ರೆಕ್ಕೆಗಳನ್ನೂ ಮತ್ತೆ ಪರೀಕ್ಷಿಸಬೇಕಾಯಿತು.

ವಿಮಾನದಲ್ಲಿ ಇಂಥ ತಪ್ಪಿಗೆ ಇನ್ನೂ ಕಡಿಮೆ ಅವಕಾಶ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆ ಕಾರ್ಬನ್ ಎಳೆಯ ಕಾಂಪೋಸಿಟ್‌ನದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಈ ಕೆಲಸದಲ್ಲಿ ದೊಡ್ಡ ಪಾಲು ಹೊತ್ತಿತು. ಇಂಥ ಭಾಗಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಳಗಿನ ಗಾಳಿಯನ್ನು ಹೀರಿ ತೆಗೆದು, ಆಟೋಕ್ಲೇವ್ ಎಂಬ ಭಾರಿ ಕುಕ್ಕರಿನಲ್ಲಿ ಶಾಖ ಮತ್ತು ಒತ್ತಡ ಕೊಟ್ಟು ಬೇಯಿಸುತ್ತಾರೆ. ಒತ್ತಡಕ್ಕೆ ಗುಳ್ಳೆ ಅಡಗುತ್ತದೆ. ಆಮೇಲೆ ದವಾಖಾನೆಯಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದ ಹಾಗೆ ಕಿವಿಗೆ ಕೇಳದ ಸದ್ದನ್ನು ಹಾಯಿಸಿ ಒಳಗನ್ನು ನೋಡುತ್ತಾರೆ. ಚಿಕ್ಕ ಸುತ್ತಿಗೆಯಿಂದ ತಟ್ಟಿ ಕೇಳುವ ಪದ್ಧತಿಯೂ ಇದೆ. ನಿಮ್ಮ ಗಡಿಗೆಯ ಪರೀಕ್ಷೆಯೇ ಅದು!

ಕೇಳುಗರೆ, ಐಟಿಐ ಕಲಿತ ನಿಮ್ಮ ಮಗನೋ ಮಗಳೋ ನಾಳೆ ಇಂಥ ಕಾರ್ಖಾನೆಯಲ್ಲಿ ಬಟ್ಟೆ ಹಾಸುವ, ಅಂಟು ಹಚ್ಚುವ ಕೆಲಸಕ್ಕೆ ಸೇರಬಹುದು. ಅದನ್ನು ಕೆಳಗಿನ ಕೆಲಸ ಎಂದು ತಿಳಿಯಬೇಡಿ. ಪಾಳಿ ಮುಗಿಯುವ ಅವಸರದಲ್ಲಿ ಸರಿಪಡಿಸದೆ ಬಿಟ್ಟ ಒಂದು ಸುಕ್ಕಿನ ಲೆಕ್ಕ ಹತ್ತು ವರ್ಷದ ಮೇಲೆ ಇನ್ನೊಬ್ಬರ ತಲೆಯ ಮೇಲೆ ಬರಬಹುದು. ಸುಕ್ಕು ಕಂಡಾಗ ಕೈ ತಡೆದು, ಮೇಲಿನವರಿಗೆ ಹೇಳಿ, ಪದರ ಎತ್ತಿ ಮತ್ತೆ ಹಾಸಿದವನೇ ಆ ರೆಕ್ಕೆಯ ಆಯುಷ್ಯ ಕಾಯ್ದವನು.